ಬೂಟ್ ಆಗುವಾಗ ‘ಬ್ಯಾಡ್ ಬ್ಲಾಕ್’ ಅಂತ ಬಂದರೆ ಬೋರ್ಡ್ ಹಾಳಾಯ್ತಾ?

ಮಡಿಕೇರಿ, ಸೋಮವಾರಪೇಟೆ, ಪೊನ್ನಂಪೇಟೆ, ಎಲ್ಲ ಕಡೆಯಿಂದ, ತೋಟದಲ್ಲಿ ಲಿನಕ್ಸ್ ಓಡುವ ಪುಟ್ಟ ಬೋರ್ಡ್ ಇಟ್ಟುಕೊಂಡವರದು ಇದೇ ಪ್ರಶ್ನೆ. ಮಳೆ ಹಿಡಿದು ಕರೆಂಟ್ ಹೋಗಿ ಬರಲು ಶುರುವಾದರೆ ಇನ್ನೂ ಜಾಸ್ತಿ. “ಸರ್, ತೋಟದ ಮಳೆ ಅಳೆಯುವ ಬೋರ್ಡಿಗೆ ಸೀರಿಯಲ್ ಕೇಬಲ್ ಹಾಕಿ ನೋಡಿದೆ, ‘ಬ್ಯಾಡ್ ಎರೇಸ್‌ಬ್ಲಾಕ್’ ಅಂತ ನಾಲ್ಕು ಸಾಲು ಬಂತು. ಚಿಪ್ ಹೋಯ್ತಾ?”

ಇಲ್ಲ. ಎಷ್ಟು ಸಲ ಕೇಳಿದರೂ ಇಲ್ಲ. ಬೋರ್ಡಿನ ಸಾಫ್ಟ್‌ವೇರ್, ಡೇಟಾ ಉಳಿಯುವ ಮೆಮೊರಿ ಚಿಪ್ ಆದ ನ್ಯಾಂಡ್ ಫ್ಲ್ಯಾಶ್‌ನಲ್ಲಿ ಕೆಲವು ಬ್ಲಾಕ್‌ಗಳು (ಒಟ್ಟಿಗೇ ಅಳಿಸುವ ತುಂಡುಗಳು) ಫ್ಯಾಕ್ಟರಿಯಿಂದ ಬರುವಾಗಲೇ ಕೆಟ್ಟಿರುತ್ತವೆ. 128 ಎಂಬಿ ಚಿಪ್ಪಿನಲ್ಲಿ ಸಾಮಾನ್ಯವಾಗಿ 128 ಕೆಬಿಯ 1024 ಬ್ಲಾಕ್ ಇರುತ್ತವೆ. ಅದರಲ್ಲಿ 20ರವರೆಗೆ ಕೆಟ್ಟಿರಬಹುದು ಅಂತ ಚಿಪ್ ತಯಾರಕರ ಎಷ್ಟೋ ಡೇಟಾಶೀಟ್‌ಗಳೇ ಹೇಳುತ್ತವೆ. ಪ್ರತಿ ಬೂಟ್‌ನಲ್ಲೂ ಅದೇ ನಾಲ್ಕು ಬಂದರೆ ನಿಶ್ಚಿಂತೆಯಿಂದಿರಿ. ಸಾಲುಗಳು ಹೆಚ್ಚುತ್ತಾ ಹೋದರೆ ಮಾತ್ರ ಚಿಂತೆ.

ನನಗೆ ಸಂಕಟ ಆಗುವುದು ಇದರ ಹಿಂದೆಯೇ ಬರುವ ಮಾತಿಗೆ: “ಯು-ಬೂಟ್‌ನಲ್ಲಿ ನ್ಯಾಂಡ್ ಸ್ಕ್ರಬ್ ಕೊಟ್ಟೆ, ಎಲ್ಲ ಸರಿಹೋಯ್ತು.” ಸರಿಹೋಗಿಲ್ಲ! ಯು-ಬೂಟ್ ಅಂದರೆ ಬೋರ್ಡ್ ಆನ್ ಆದಾಗ ಮೊದಲು ಎದ್ದು ಲಿನಕ್ಸನ್ನು ಲೋಡ್ ಮಾಡುವ ಪ್ರೋಗ್ರಾಂ, ಸ್ಕ್ರಬ್ ಅದರೊಳಗಿನ ಒಂದು ಅಳಿಸುವ ಕಮಾಂಡ್. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹಿಡಿದರೆ ಗುರುತು ಮಾಡಿಟ್ಟು ಆಮೇಲೆ ಕಿತ್ತು ಸುಡುತ್ತೇವೆ ಅಲ್ವಾ? ಆ ಗುರುತು ಒರೆಸಿದರೆ ಕಾಂಡದೊಳಗಿನ ಹುಳ ಸಾಯುತ್ತದಾ? ಸ್ಕ್ರಬ್ ಮಾಡುವುದು ಅದನ್ನೇ. ಕೆಟ್ಟ ಬ್ಲಾಕ್‌ನ ಗುರುತು ಇರುವುದು ಅದೇ ಬ್ಲಾಕ್‌ನ ಓಓಬಿ ಜಾಗದಲ್ಲಿ (ಡೇಟಾ ಪಕ್ಕದ ಹೆಚ್ಚುವರಿ ಜಾಗ), ಒಂದು ಬೈಟ್. ಮಾಮೂಲಿ ಎರೇಸ್ ಅಂಥ ಬ್ಲಾಕನ್ನು ಮುಟ್ಟದೆ ಮುಂದೆ ಹೋಗುತ್ತದೆ, ಸ್ಕ್ರಬ್ ಗುರುತಿನ ಸಮೇತ ಅಳಿಸಿಬಿಡುತ್ತದೆ. “ಆದರೆ ಆಮೇಲೆ ಬರೆದು ಓದಿ ನೋಡಿದೆ, ಪಾಸಾಯ್ತಲ್ಲ” ಅನ್ನುತ್ತೀರಿ. ಆಗುತ್ತದೆ, ನಿಮ್ಮ ಮೇಜಿನ ಮೇಲೆ, ಆ ಹೊತ್ತಿಗೆ. ಫ್ಯಾಕ್ಟರಿಯವರು ಬೇರೆ ಬೇರೆ ಬಿಸಿ, ಬೇರೆ ಬೇರೆ ವೋಲ್ಟೇಜ್‌ನಲ್ಲಿ ಪರೀಕ್ಷೆ ಮಾಡಿ ಹಾಕಿದ ಗುರುತು ಅದು. ಒಮ್ಮೆ ಅಳಿಸಿದರೆ ವಾಪಸ್ ಪಡೆಯುವ ನಂಬುವಂಥ ದಾರಿಯಿಲ್ಲ ಅಂತ ಯು-ಬೂಟ್ ತಾನೇ ಎಚ್ಚರಿಸಿ ‘ವೈ’ ಒತ್ತಲು ಕೇಳುತ್ತದೆ, ನೀವು ಓದದೆ ಒತ್ತುತ್ತೀರಿ. ಭಾಗಮಂಡಲದ ಕಡೆಯ ಒಂದು ತೋಟದ ಬೋರ್ಡಿಗೆ ಯಾರೋ ಮೇ ತಿಂಗಳಲ್ಲಿ ಹೀಗೆ ಮಾಡಿದ್ದರು. ಸರಿಯಾಗಿ ಜುಲೈನಲ್ಲಿ, ಮಳೆ ಲೆಕ್ಕ ಬೇಕೇ ಬೇಕು ಅನ್ನುವಾಗ, ಅದು ನಿಂತಿತು.

ಹಾಗಾಗಿ ಬೇರೇನೇ ಮಾಡುವ ಮೊದಲು ಯು-ಬೂಟ್‌ನಲ್ಲಿ ‘ನ್ಯಾಂಡ್ ಬ್ಯಾಡ್’ ಕೊಟ್ಟು ಕೆಟ್ಟ ಬ್ಲಾಕ್‌ಗಳ ಪಟ್ಟಿಯನ್ನು ಬರೆದಿಡಿ. ಇಮೇಜ್ (ಬೋರ್ಡಿಗೆ ತುಂಬುವ ಸಾಫ್ಟ್‌ವೇರ್ ಫೈಲ್) ಹಾಕಲು ಲಿನಕ್ಸ್‌ನ ಕಾಪಿ ಕಮಾಂಡ್ ಡಿಡಿ ಬೇಡ, ಅದಕ್ಕೆ ಕೆಟ್ಟ ಬ್ಲಾಕ್ ದಾಟುವುದು ಗೊತ್ತಿಲ್ಲ. ಫ್ಲ್ಯಾಶ್‌ಎರೇಸ್, ನ್ಯಾಂಡ್‌ರೈಟ್ ಎಂಬ ಕಮಾಂಡ್‌ಗಳು ಅದಕ್ಕೇ ಇವೆ. ಒಂದೇ ಸಲಕ್ಕೆ ನೂರಾರು ಬ್ಲಾಕ್ ಕೆಟ್ಟಿವೆ ಅಂತ ಬಂದರೆ ಚಿಪ್ ಬದಲಿಸಲು ಓಡಬೇಡಿ, ಯು-ಬೂಟ್ ಒಂದು ಇಸಿಸಿ (ಓದುವಾಗ ತಪ್ಪು ಹಿಡಿದು ತಿದ್ದುವ) ಲೆಕ್ಕದಲ್ಲಿ ಬರೆದು ಲಿನಕ್ಸ್ ಕರ್ನಲ್ ಇನ್ನೊಂದು ಲೆಕ್ಕದಲ್ಲಿ ಓದುತ್ತಿದೆಯಾ ಅಂತ ಮೊದಲು ನೋಡಿ. ಹಾಗೆ ಲೆಕ್ಕ ತಾಳೆಯಾಗದೆ ತಪ್ಪಾಗಿ ಬಿದ್ದ ಗುರುತು ತೆಗೆಯಲು ಮಾತ್ರ ಸ್ಕ್ರಬ್ ಒಪ್ಪುತ್ತೇನೆ. ಅದೂ ಹಳೇ ಪಟ್ಟಿ ಕೈಯಲ್ಲಿದ್ದರೆ, ‘ಮಾರ್ಕ್‌ಬ್ಯಾಡ್’ ಕೊಟ್ಟು ಫ್ಯಾಕ್ಟರಿ ಗುರುತುಗಳನ್ನು ಮತ್ತೆ ಹಾಕುವುದಾದರೆ.

ಯಾರೂ ಕೇಳದ ಒಂದು ವಿಷಯ ಇದೆ. ಎಸ್‌ಡಿ ಕಾರ್ಡ್ ಹಾಕಿದ ಬೋರ್ಡಿನಲ್ಲಿ ಈ ಸಾಲುಗಳು ಬರುವುದೇ ಇಲ್ಲವಲ್ಲ, ಅದು ಅಷ್ಟು ಒಳ್ಳೆಯದಾ? ಅದರೊಳಗೂ ಇರುವುದು ನ್ಯಾಂಡೇ, ಅಲ್ಲೂ ಬ್ಲಾಕ್ ಕೆಡುತ್ತವೆ. ಕಾರ್ಡಿನೊಳಗಿನ ಕಂಟ್ರೋಲರ್ ಅವನ್ನು ತಾನೇ ಬದಲಿಸುತ್ತದೆ, ಲಿನಕ್ಸ್‌ಗೆ ಸುದ್ದಿ ಕೊಡುವುದಿಲ್ಲ. ಬದಲಿ ಬ್ಲಾಕ್ ಮುಗಿದ ದಿನ ಕಾರ್ಡ್ ಸುಮ್ನೆ ರೀಡ್-ಓನ್ಲಿ ಆಗಬಹುದು, ಇಲ್ಲವೇ ಕಾಣಿಸದೇ ಹೋಗಬಹುದು. ಕೆಟ್ಟದ್ದನ್ನು ಮುಖಕ್ಕೇ ಹೇಳುವ ಆ ನಾಲ್ಕು ಸಾಲೇ ನನಗೆ ಇಷ್ಟ.