‘ಫರ್ ಎಲೀಸ್’ ವಿಡಿಯೊ ನೋಡಿ ಕಲಿಯಬಹುದೇ?

ಪ್ರಶ್ನೆ: ಮನೆಯಲ್ಲಿ ಒಂದು ಕೀಬೋರ್ಡ್ ಇದೆ. ನನಗೆ ನೊಟೇಶನ್ ಓದಲು ಬರುವುದಿಲ್ಲ. ಯೂಟ್ಯೂಬ್ ವಿಡಿಯೊಗಳನ್ನು ನೋಡಿಕೊಂಡು ಬೀಥೋವನ್‌ನ ‘ಫರ್ ಎಲೀಸ್’ ನುಡಿಸಲು ಕಲಿಯಬಹುದೇ? ಹಾಗೆ ಕಲಿತರೆ ಕೈ ಕೆಡುತ್ತದೆ ಎನ್ನುತ್ತಾರಲ್ಲ, ನಿಜವೇ?

ಕಲಿಯಬಹುದು. ನೋಡಿ, ಕೇಳಿ ಕಲಿಯುವುದು ಕೀಳು ದಾರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳು ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ ವರಸೆ, ಜಂಟಿ ವರಸೆಗಳನ್ನು ಗುರುಗಳ ಬಾಯಿಂದ ಕೇಳಿಯೇ ಕಲಿಯುತ್ತಾರೆ. ಆದರೆ ಗುರುಗಳು ಹಾಡಿ ತೋರಿಸಿದ ಮೇಲೆ ಸುಮ್ಮನಾಗುವುದಿಲ್ಲ. ನಿಮ್ಮಿಂದ ಹಾಡಿಸಿ ಕೇಳುತ್ತಾರೆ, ತಾಳ ತಪ್ಪಿದ ಕಡೆ ನಿಲ್ಲಿಸಿ ಮತ್ತೆ ಹೇಳಿಸುತ್ತಾರೆ. ವಿಡಿಯೊ ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ. ತೊಂದರೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ನೀವು ನೋಡುತ್ತಿರುವುದು ಬಹುಶಃ ಬಣ್ಣದ ಪಟ್ಟಿಗಳು ಮೇಲಿನಿಂದ ಕೀಗಳ ಮೇಲೆ ಇಳಿಯುವ ವಿಡಿಯೊ. ಯಾವ ಕೀ, ಯಾವಾಗ ಒತ್ತಬೇಕು, ಎಷ್ಟು ಹೊತ್ತು ಹಿಡಿಯಬೇಕು ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಎರಡು ಕೈಗೆ ಎರಡು ಬಣ್ಣ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಏಕೆಂದರೆ ಈ ಕೃತಿಯ ಚೆಲುವಿರುವುದೇ ಎಡಗೈ ಮೂರು ಸ್ವರ ಹತ್ತಿ, ಮುಂದಿನ ಸ್ವರಗಳನ್ನು ಬಲಗೈಗೆ ದಾಟಿಸುವ ರೀತಿಯಲ್ಲಿ. ಆ ಕೈಬದಲಾವಣೆಯನ್ನು ಕಣ್ಣಾರೆ ಕಂಡರೆ ಬೇಗ ಮನಸ್ಸಿಗೆ ಹತ್ತುತ್ತದೆ. ಆದರೆ ಯಾವ ಬೆರಳು ಎಂಬುದನ್ನು ಇಂಥ ವಿಡಿಯೊಗಳಲ್ಲಿ ಹೆಚ್ಚಿನವು ಹೇಳುವುದಿಲ್ಲ.

ಕೈ ಕೆಡುತ್ತದೆ ಎನ್ನುವವರ ಮಾತಿನಲ್ಲಿ ನಿಜವಿರುವುದು ಬೆರಳಿನ ವಿಷಯದಲ್ಲೇ. ಪಿಯಾನೊದಲ್ಲಿ ಹೆಬ್ಬೆರಳು 1, ಕಿರುಬೆರಳು 5. ಎರಡೂ ಕೈಗೆ ಇದೇ ಲೆಕ್ಕ. ‘ಫರ್ ಎಲೀಸ್’ನ ಮೊದಲ ಒಂಬತ್ತು ಸ್ವರಗಳು ಇ, ಡಿ ಶಾರ್ಪ್, ಇ, ಡಿ ಶಾರ್ಪ್, ಇ, ಬಿ, ಡಿ, ಸಿ, ಎ (ಶಾರ್ಪ್ ಎಂದರೆ ಬಲಕ್ಕೆ ಪಕ್ಕದಲ್ಲೇ ಇರುವ ಕೀ). ಇವುಗಳಿಗೆ ಸಾಮಾನ್ಯವಾಗಿ ಬಳಸುವ ಬೆರಳು 5, 4, 5, 4, 5, 2, 4, 3, 1. ನಿಧಾನವಾಗಿ ನುಡಿಸಿ ನೋಡಿ, ಕೈ ಅಲುಗಾಡದೆ ಒಂಬತ್ತೂ ಸ್ವರ ಅಂಗೈ ಕೆಳಗೇ ಸಿಗುತ್ತವೆ. ಬರೀ ಪಟ್ಟಿ ನೋಡಿ ಕಲಿತವರು ಎಲ್ಲವನ್ನೂ ತೋರುಬೆರಳು, ನಡುಬೆರಳುಗಳಲ್ಲಿ ಹೆಕ್ಕುತ್ತಾರೆ. ನಿಧಾನವಿದ್ದಾಗ ಅದೂ ನಡೆಯುತ್ತದೆ. ವೇಗ ಬಂದಾಗ ಬೆರಳು ಸಾಲುವುದಿಲ್ಲ, ಅಷ್ಟರಲ್ಲಿ ಆ ಹೆಕ್ಕುವಿಕೆ ಅಭ್ಯಾಸವಾಗಿರುತ್ತದೆ. ಹೊಸದನ್ನು ಕಲಿಯುವುದಕ್ಕಿಂತ ಅದನ್ನು ಬಿಡಿಸುವುದು ಎಷ್ಟೋ ಕಷ್ಟ.

ಇನ್ನು ತಾಳ. ಕೃತಿ ಇರುವುದು 3/8ರಲ್ಲಿ, ಅಂದರೆ ಬಾರ್‌ಗೆ ಮೂರು ಎಣಿಕೆ. ಬಾರ್ ಎಂದರೆ ತಾಳದ ಒಂದು ಆವರ್ತನವೆಂದುಕೊಳ್ಳಿ. ಇಲ್ಲಿ ಒಂದು ಬಾರ್‌ಗೆ ಆರು ಸಣ್ಣ ಸ್ವರಗಳು ಹಿಡಿಯುತ್ತವೆ. ಮೊದಲ ಎರಡು ಸ್ವರಗಳು ಬಾರ್ ಶುರುವಾಗುವ ಮೊದಲೇ ಬರುತ್ತವೆ. ತಾಳ ಶುರುವಾಗುವ ಮೊದಲೇ ಹಾಡು ಎತ್ತಿಕೊಳ್ಳುವುದನ್ನು ನಮ್ಮಲ್ಲಿ ಅತೀತ ಎಡುಪು ಎನ್ನುತ್ತೇವಲ್ಲ, ಅದೇ ಬಗೆ. ಹಾಗಾಗಿ ಸಮ, ಅಂದರೆ ಬಾರ್‌ನ ಮೊದಲ ಪೆಟ್ಟು, ಬೀಳುವುದು ಮೂರನೆಯ ಸ್ವರಕ್ಕೆ, ಆಮೇಲೆ ಒಂಬತ್ತನೆಯದಾದ ಎ ಸ್ವರಕ್ಕೆ. ಇದು ಗೊತ್ತಿಲ್ಲದವರು ಮೊದಲ ಸ್ವರವನ್ನೇ ಗಟ್ಟಿಯಾಗಿ ಬಡಿಯುತ್ತಾರೆ. ಆರಂಭದಲ್ಲಿರುವ ಸೂಚನೆ ಪಿಯಾನಿಸಿಮೊ, ಅಂದರೆ ತೀರ ಮೆಲ್ಲಗೆ. ಬಣ್ಣದ ಪಟ್ಟಿಗೆ ಮೆಲು, ಗಟ್ಟಿ ಎಂಬ ಭೇದವಿಲ್ಲ.

ತಾಳದ ಅರಿವಿಲ್ಲದೆ ಹೊರಟವರು ಸ್ವಲ್ಪ ಮುಂದೆ ಹೋದರೆ ಖಂಡಿತ ಎಡವುತ್ತಾರೆ. ಇ ಸ್ವರ ಸ್ಥಾಯಿಯಿಂದ ಸ್ಥಾಯಿಗೆ ಹತ್ತಿ, ಆಮೇಲೆ ಇ ಮತ್ತು ಡಿ ಶಾರ್ಪ್ ಜೋಡಿ ಮತ್ತೆ ಮತ್ತೆ ಬಂದು ಮೊದಲ ಸಾಲಿಗೆ ಮರಳುವ ಜಾಗವೊಂದಿದೆ. ಎಷ್ಟು ಸಲ ಬಂತು? ಪಟ್ಟಿ ನೋಡಿ ಎಣಿಸುವವರು ಒಮ್ಮೆ ಒಂದು ಜೋಡಿ ಹೆಚ್ಚು, ಒಮ್ಮೆ ಕಡಿಮೆ ನುಡಿಸುತ್ತಾರೆ. ನೊಟೇಶನ್ ಹಾಳೆಯ ಮೇಲೆ, ಬಾರ್‌ಗಳನ್ನು ಬೇರ್ಪಡಿಸುವ ಉದ್ದಗೆರೆಗಳ ನಡುವೆ ಅದನ್ನು ನೋಡಿದರೆ ಗೊಂದಲ ಒಂದು ನಿಮಿಷದಲ್ಲಿ ತೀರುತ್ತದೆ.

ಅದಕ್ಕೇ ನೊಟೇಶನ್ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಹಕ್ಕುಸ್ವಾಮ್ಯ ಮುಗಿದ ಕೃತಿ ಇದು, ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪೂರ್ತಿ ಓದಲು ಬರಬೇಕಿಲ್ಲ. ವಿಡಿಯೊದಲ್ಲಿ ಕಂಡ ಸ್ವರವನ್ನು ಹಾಳೆಯಲ್ಲಿ ಹುಡುಕುತ್ತಾ ಹೋಗಿ. ಮೊದಲ ಒಂಬತ್ತು ಸ್ವರಗಳಿಗೆ ಬೇಕಾದ ಅಕ್ಷರಗಳು ಐದೇ; ಅವು ಹಾಳೆಯಲ್ಲಿ ಎಲ್ಲಿ ಕೂರುತ್ತವೆ ಎಂಬುದು ಒಂದು ಸಂಜೆಯ ಕೆಲಸ. ವಿಡಿಯೊ ಮತ್ತು ಹಾಳೆ ಎರಡನ್ನೂ ಹೀಗೆ ಜೊತೆಗಿಟ್ಟುಕೊಂಡು ಓದಲು ಕಲಿತವರನ್ನು ನಾನು ಕಂಡಿದ್ದೇನೆ, ಮತ್ತು ಈ ದಾರಿಯ ಮೇಲೆ ನನಗೆ ತುಂಬ ನಂಬಿಕೆ.

ಹಾಳೆಯಿಂದ ಇನ್ನೂ ಒಂದು ಅನುಕೂಲವಿದೆ. ಏಳನೆಯ ಬಾರ್‌ನಲ್ಲಿ ಬಲಗೈಯ ಎರಡನೆಯ ಸ್ವರವನ್ನು ಒಂದು ವಿಡಿಯೊ ಇ ಎಂದರೆ ಇನ್ನೊಂದು ಡಿ ಎನ್ನುತ್ತದೆ. ಯಾರೂ ತಪ್ಪು ಮಾಡಿಲ್ಲ. ಬೀಥೋವನ್ 1810ರಲ್ಲಿ ಬರೆದ ಈ ಕೃತಿಯನ್ನು ಅವನು ತೀರಿಕೊಂಡು 40 ವರ್ಷಗಳಾದ ಮೇಲೆ, 1867ರಲ್ಲಿ, ಲುಡ್ವಿಗ್ ನೋಲ್ ಎಂಬ ವಿದ್ವಾಂಸ ಅಚ್ಚು ಹಾಕಿಸಿದ. ನೋಲ್ ನೋಡಿದ ಹಸ್ತಪ್ರತಿ ಆಮೇಲೆ ಕಳೆದುಹೋಯಿತು. ಅವನ ಮುದ್ರಣದಲ್ಲಿ ಆ ಬಾರ್‌ನಲ್ಲಿ ಇ ಇದೆ, ಅದೇ ಸಾಲು ಮುಂದೆ ಮರಳಿ ಬಂದಾಗಲೆಲ್ಲ ಡಿ ಇದೆ. ನಂತರದ ಸಂಪಾದಕರು ತಮಗೆ ಸರಿ ಕಂಡದ್ದನ್ನು ಆರಿಸಿಕೊಂಡರು. ನೀವೂ ಎರಡನ್ನೂ ನುಡಿಸಿ, ಕೇಳಿ, ಆರಿಸಿಕೊಳ್ಳಿ.

ಅಭ್ಯಾಸ ಹೇಗೆ? ವಿಡಿಯೊದ ವೇಗವನ್ನು 0.5ಕ್ಕೆ ಇಳಿಸಿ, ಶ್ರುತಿ ಬದಲಾಗುವುದಿಲ್ಲ. ನಾಲ್ಕು ಬಾರ್ ಮಾತ್ರ ತೆಗೆದುಕೊಂಡು ಒಂದೊಂದೇ ಕೈ ನುಡಿಸಿ, ಆಮೇಲೆ ಜೋಡಿಸಿ. ಪ್ರತಿ ಸಲ ಮೊದಲಿನಿಂದಲೇ ಶುರು ಮಾಡಬೇಡಿ. ನಡುವಿನ ಯಾವುದೇ ಬಾರ್‌ನಿಂದ ಎತ್ತಿಕೊಳ್ಳಲು ಬಂದರೆ ಮಾತ್ರ ಕೃತಿ ನಿಮಗೆ ಬಂದಂತೆ. ಸ್ವರವನ್ನು ಎಳೆದು ನಿಲ್ಲಿಸುವ ಕಾಲಿನ ಪೆಡಲ್ ಇದ್ದರೆ ಮೊದಲ ಕೆಲವು ವಾರ ಮುಟ್ಟಬೇಡಿ. ಕೈಯನ್ನು ಮೇಲಿನಿಂದ ಹಿಡಿಯುವ ಕ್ಯಾಮೆರಾಕ್ಕೆ ಕಾಲು ಕಾಣುವುದಿಲ್ಲ, ಹಾಗಾಗಿ ಅದನ್ನು ಊಹೆಯಿಂದ ಒತ್ತಿ ಸ್ವರಗಳನ್ನೆಲ್ಲ ಕಲಸಿಬಿಡುವವರೇ ಹೆಚ್ಚು.

ವಿಡಿಯೊ ಮಾಡಲಾರದ ಗುರುವಿನ ಕೆಲಸವನ್ನು ನಿಮ್ಮ ಮೊಬೈಲ್ ಸ್ವಲ್ಪ ಮಟ್ಟಿಗೆ ಮಾಡುತ್ತದೆ. ವಾರಕ್ಕೊಮ್ಮೆ ನೀವು ನುಡಿಸಿದ್ದನ್ನು ಧ್ವನಿಮುದ್ರಿಸಿ, ಮರುದಿನ ಹಾಳೆ ಹಿಡಿದು ಕೇಳಿ. ನುಡಿಸುವಾಗ ಕಿವಿಗೆ ಬೀಳದ ತಪ್ಪುಗಳು ಆಗ ತಾವಾಗಿ ಕೇಳಿಸುತ್ತವೆ. ಮೊದಲ ಭಾಗ ಮುಗಿದು ಎಫ್ ಮೇಜರ್‌ನ ವೇಗದ ಭಾಗ ಬಂದಾಗ ಒಬ್ಬ ಶಿಕ್ಷಕರಿಗೆ ಒಂದೆರಡು ತರಗತಿಯ ಮಟ್ಟಿಗಾದರೂ ಕೈ ತೋರಿಸಿ. ಅದಕ್ಕೂ ಮೊದಲೇ ಮಣಿಕಟ್ಟಿನಲ್ಲಿ ನೋವು ಕಾಣಿಸಿಕೊಂಡರೆ ಅಂದೇ ನಿಲ್ಲಿಸಿ, ತೋರಿಸದೆ ಮತ್ತೆ ಕೀಬೋರ್ಡ್ ಮುಂದೆ ಕೂರಬೇಡಿ.