ಅಮೆರಿಕನ್ ಸಾಹಿತ್ಯ ಓದುವವರು ಪ್ರತಿ ಕೃತಿಗೂ ಎರಡು ಇಸವಿ ಬರೆದುಕೊಳ್ಳಿ

ಇಂಗ್ಲಿಷ್ ಎಂ.ಎ. ಮಾಡುವ ಮಕ್ಕಳು ನನ್ನ ಹತ್ತಿರ ಮೊದಲು ಕೇಳುವುದೇ ಕಾಲಘಟ್ಟಗಳ ಪಟ್ಟಿ. ಕೊಡುತ್ತೇನೆ. 17ನೇ ಶತಮಾನದ ಪ್ಯೂರಿಟನ್ನರು, ಆಮೇಲೆ ಸ್ವಾತಂತ್ರ್ಯ ಹೋರಾಟದ ಕಾಲದ ಬರಹ, 19ನೇ ಶತಮಾನದ ಮೊದಲರ್ಧದ ರೊಮ್ಯಾಂಟಿಕ್‌ಗಳು, 1861–65ರ ಅಂತರ್ಯುದ್ಧ ಮುಗಿದ ಮೇಲೆ ರಿಯಲಿಸಂ, ಅದರ ಬೆನ್ನಿಗೇ ನ್ಯಾಚುರಲಿಸಂ, ಮೊದಲ ಮಹಾಯುದ್ಧದ ಆಸುಪಾಸಿನಿಂದ ಮಾಡರ್ನಿಸಂ, 1920ರ ದಶಕದ ಹಾರ್ಲೆಮ್ ರಿನೈಸಾನ್ಸ್ (ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ ಕಪ್ಪು ಲೇಖಕರ, ಕಲಾವಿದರ ಚಳವಳಿ), 50ರ ದಶಕದ ಬೀಟ್ ಕವಿಗಳು, ನಂತರ ಪೋಸ್ಟ್‌ಮಾಡರ್ನ್. ಪರೀಕ್ಷೆಗೆ ಇಷ್ಟು ಬೇಕೇ ಬೇಕು. ಆದರೆ ಇದನ್ನೇ ಚರಿತ್ರೆ ಅಂದುಕೊಳ್ಳಬೇಡಿ. ಇದರಲ್ಲಿ ಎಷ್ಟೋ ಹೆಸರುಗಳನ್ನು ಇಟ್ಟವರು, ಯಾರು ಒಳಗೆ ಯಾರು ಹೊರಗೆ ಅಂತ ತೀರ್ಮಾನಿಸಿದವರು, ಆಮೇಲೆ ಬಂದ ವಿಮರ್ಶಕರು.

'ಅಮೆರಿಕನ್ ರಿನೈಸಾನ್ಸ್', ಅಂದರೆ ಅಮೆರಿಕನ್ ಸಾಹಿತ್ಯದ ನವೋದಯ, ಅನ್ನೋದನ್ನೇ ನೋಡಿ. ಹಾಥಾರ್ನ್‌ನ 'ದ ಸ್ಕಾರ್ಲೆಟ್ ಲೆಟರ್' 1850, ಮೆಲ್ವಿಲ್‌ನ 'ಮೊಬಿ ಡಿಕ್' 1851, ಥೋರೊನ 'ವಾಲ್ಡನ್' 1854, ವಿಟ್ಮನ್‌ನ 'ಲೀವ್ಸ್ ಆಫ್ ಗ್ರಾಸ್' 1855. ಐದಾರು ವರ್ಷದಲ್ಲಿ ಇಷ್ಟೆಲ್ಲ ಬಂತು ಅಂದರೆ ಆಶ್ಚರ್ಯ ಆಗುತ್ತದೆ, ಅಲ್ವಾ? ಆದರೆ ಆ ಕಾಲಕ್ಕೆ ಈ ಹೆಸರು ಗಟ್ಟಿಯಾಗಿ ಅಂಟಿಕೊಂಡಿದ್ದು 1941ರಲ್ಲಿ, ವಿಮರ್ಶಕ ಎಫ್. ಓ. ಮ್ಯಾಥೀಸನ್ ಬರೆದ ಪುಸ್ತಕದಿಂದ. ಈ ನಾಲ್ವರ ಜೊತೆ ಎಮರ್ಸನ್ ಸೇರಿ ಐದು ಜನ, ಎಲ್ಲರೂ ಬಿಳಿಯ ಗಂಡಸರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು 1845ರಲ್ಲಿ ಆತ್ಮಕಥೆ ಬರೆದ ಫ್ರೆಡ್ರಿಕ್ ಡಗ್ಲಸ್ ಆ ಐವರಲ್ಲಿಲ್ಲ. 1852ರಲ್ಲಿ ಪುಸ್ತಕವಾಗಿ ಬಂದು ಇಡೀ ದೇಶವನ್ನೇ ಅಲ್ಲಾಡಿಸಿದ 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಕೂಡ ಇಲ್ಲ. ಇನ್ನು ಮೆಲ್ವಿಲ್ ಕಥೆ. 'ಮೊಬಿ ಡಿಕ್' ಮಾರಾಟವಾಗಲಿಲ್ಲ, ಆತ ನ್ಯೂಯಾರ್ಕ್ ಬಂದರಿನ ಕಸ್ಟಮ್ಸ್‌ನಲ್ಲಿ 19 ವರ್ಷ ನೌಕರಿ ಮಾಡಿದ, 1891ರಲ್ಲಿ ತೀರಿಕೊಂಡಾಗ ಓದುಗರು ಅವನನ್ನು ಹೆಚ್ಚುಕಡಿಮೆ ಮರೆತಿದ್ದರು. ಅವನ ಪುಸ್ತಕ ಮತ್ತೆ ಜನರ ಕೈಗೆ ಬಂದಿದ್ದು 1920ರ ದಶಕದಲ್ಲಿ.

ಅದಕ್ಕೇ ನಾನು ಹೇಳುವುದು, ನೋಟ್ಸ್‌ನಲ್ಲಿ ಪ್ರತಿ ಕೃತಿಯ ಮುಂದೆ ಎರಡು ಇಸವಿ ಇರಲಿ. ಬರೆದದ್ದು ಯಾವಾಗ, ಓದುಗರಿಗೆ ನಿಜವಾಗಿ ಸಿಕ್ಕಿದ್ದು ಯಾವಾಗ.

ಎಮಿಲಿ ಡಿಕಿನ್‌ಸನ್ ವಿಷಯದಲ್ಲಂತೂ ಎರಡು ಇಸವಿಯೂ ಸಾಲದು. ಸುಮಾರು 1800 ಕವಿತೆ ಬರೆದಳು, ಬಹಳಷ್ಟು ಅಂತರ್ಯುದ್ಧದ ವರ್ಷಗಳಲ್ಲೇ. ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. 1886ರಲ್ಲಿ ತೀರಿಕೊಂಡಳು, 1890ರಲ್ಲಿ ಮೊದಲ ಸಂಕಲನ ಬಂತು. ಆದರೆ ಸಂಪಾದಕರು ಅವಳ ಕವಿತೆಗಳನ್ನು ತಿದ್ದಿದ್ದರು. ಸಾವು ಗಾಡಿ ತಂದು ನಿಲ್ಲಿಸುವ ಆ ಪ್ರಸಿದ್ಧ ಕವಿತೆಗೆ 'ದ ಚಾರಿಯಟ್' ಅಂತ ತಾವೇ ಶೀರ್ಷಿಕೆ ಕೊಟ್ಟರು, ಅವಳ ಡ್ಯಾಶ್‌ಗಳನ್ನು ತೆಗೆದರು, ಒಂದು ಚರಣವನ್ನೇ ಕೈಬಿಟ್ಟರು. ಯಾವ ಚರಣ ಗೊತ್ತಾ? ಸೂರ್ಯನನ್ನು ನಾವು ದಾಟಲಿಲ್ಲ, ಅವನೇ ನಮ್ಮನ್ನು ದಾಟಿದ ಅಂತ ಅವಳು ತನ್ನ ಮಾತನ್ನೇ ತಿದ್ದಿಕೊಳ್ಳುವ ಜಾಗ. ತೆಳು ಬಟ್ಟೆ, ಇಬ್ಬನಿಯ ಚಳಿ, ಸಾವು ಮೈಗೆ ತಾಗುವುದೇ ಅಲ್ಲಿ. ಕೈಬರಹದಲ್ಲಿದ್ದಂತೆ ಕವಿತೆಗಳೆಲ್ಲ ಒಟ್ಟಿಗೆ ಸಿಕ್ಕಿದ್ದು 1955ರಲ್ಲಿ, ಥಾಮಸ್ ಜಾನ್ಸನ್ ಆವೃತ್ತಿಯಲ್ಲಿ. ಹಾಗಾದರೆ ಅವಳು ಯಾವ ಕಾಲಘಟ್ಟದ ಕವಿ? 1890ರ ಆವೃತ್ತಿ ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನೂ 1955ರದ್ದನ್ನೂ ಪಕ್ಕಪಕ್ಕ ಇಟ್ಟುಕೊಂಡು ಜೋರಾಗಿ ಓದಿ ನೋಡಿ.

ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್‌ಗೂ ಇದೇ ಗತಿ. 'ದೇರ್ ಐಸ್ ವರ್ ವಾಚಿಂಗ್ ಗಾಡ್' ಬಂದಿದ್ದು 1937ರಲ್ಲಿ. ಆಗ ಹಾರ್ಲೆಮ್‌ನ ಭರಾಟೆ ಇಳಿದಿತ್ತು, ರಿಚರ್ಡ್ ರೈಟ್‌ನಂಥ ಕಪ್ಪು ಲೇಖಕರೇ ಕಾದಂಬರಿಯನ್ನು ಕಟುವಾಗಿ ಟೀಕಿಸಿದರು. 1960ರಲ್ಲಿ ತೀರಿಕೊಂಡಾಗ ಸಮಾಧಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಫ್ಲಾರಿಡಾಕ್ಕೆ ಹೋಗಿ ಜಾಗ ಹುಡುಕಿ ಕಲ್ಲು ನೆಡಿಸಿದರು, 1975ರಲ್ಲಿ ಅದರ ಬಗ್ಗೆ ಬರೆದರು. ಆಮೇಲೆ ಆ ಕಾದಂಬರಿ ಮತ್ತೆ ಅಚ್ಚಾಯಿತು, ತರಗತಿಗೂ ಬಂತು. ಆದ್ದರಿಂದ ಹರ್ಸ್ಟನ್ ಬಗ್ಗೆ ಉತ್ತರ ಬರೆಯುವಾಗ ಹಾರ್ಲೆಮ್ ರಿನೈಸಾನ್ಸ್ ಅಂತ ಹೇಳಿ ನಿಲ್ಲಿಸಬೇಡಿ. 70ರ ದಶಕದಲ್ಲಿ ವಾಕರ್, ಟೋನಿ ಮಾರಿಸನ್‌ರಂಥ ಕಪ್ಪು ಲೇಖಕಿಯರು ಬರೆಯುತ್ತಿದ್ದಾಗ ಆಕೆ ಹೇಗೆ ಮರಳಿ ಬಂದರು ಅನ್ನೋದನ್ನೂ ಒಂದೆರಡು ಸಾಲು ಬರೆಯಿರಿ. ಪೇಪರ್ ನೋಡುವಾಗ ಇಂಥ ಉತ್ತರಕ್ಕೆ ನಾನು ಜಾಸ್ತಿಯೇ ಅಂಕ ಕೊಡುತ್ತೇನೆ.