ಹಳೆ ಎಣ್ಣೆಯಲ್ಲಿ ವಿಷ ಪತ್ತೆ: ಯಂತ್ರದ ಮಾತು ನಂಬಬಹುದೇ?

ಪ್ರಶ್ನೆ: ಟ್ರಾನ್ಸ್‌ಫಾರ್ಮರ್ ಮುಂತಾದವುಗಳಲ್ಲಿ ಬಳಸಿ ಬಿಟ್ಟ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ಇದೆಯೇ ಎಂದು ಲ್ಯಾಬ್‌ಗಳಲ್ಲಿ ಈಗ ಯಂತ್ರವೇ ನೋಡುತ್ತದಂತೆ. ಆ ವರದಿಯನ್ನು ನಂಬಬಹುದೇ?

ಉತ್ತರ: ಯಂತ್ರವನ್ನು ಬಹುಮಟ್ಟಿಗೆ ನಂಬಬಹುದು. ಅದಕ್ಕೆ ಕೊಟ್ಟ ಮಾದರಿ ಎಣ್ಣೆಯ ಸೀಸೆಯ ಮೇಲೆ ಮಾತ್ರ ಸ್ವಲ್ಪ ಅನುಮಾನ ಇರಲಿ.

ಪಿಸಿಬಿ ಎಂದರೆ ಕ್ಲೋರಿನ್ ಹೊತ್ತ 209 ರಾಸಾಯನಿಕಗಳ ಕುಟುಂಬ. ಸುಲಭಕ್ಕೆ ಉರಿಯದು, ಕೆಡದು ಎಂದೇ ಅದನ್ನು ದಶಕಗಳ ಕಾಲ ಟ್ರಾನ್ಸ್‌ಫಾರ್ಮರ್‌ಗಳಿಗೆ ತುಂಬಿದರು. ಆ ಕೆಡದ ಗುಣವೇ ಈಗ ತಲೆನೋವು. 1999ರಲ್ಲಿ ಬೆಲ್ಜಿಯಂನಲ್ಲಿ ಇಂಥ ಎಣ್ಣೆ ಮರುಬಳಕೆಯ ಕೊಬ್ಬಿನಲ್ಲಿ ಬೆರೆತು, ಪಶು ಆಹಾರಕ್ಕೆ ಸೇರಿ, ಕೋಳಿ, ಮೊಟ್ಟೆಗಳವರೆಗೂ ತಲುಪಿತ್ತು.

ಪತ್ತೆ ಮಾಡುವ ಡಿಟೆಕ್ಟರ್ ಹೊಸದೇನಲ್ಲ. ಅದರೊಳಗಿನ ನಿಕಲ್-63 ಎಂಬ ವಿಕಿರಣಶೀಲ ಲೋಹ ಎಲೆಕ್ಟ್ರಾನ್‌ಗಳನ್ನು ಸೂಸುತ್ತಿರುತ್ತದೆ, ಒಂದೇ ಸಮನೆ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ಕ್ಲೋರಿನ್ ಇರುವ ಅಣು ಹಾದುಹೋದರೆ ಎಲೆಕ್ಟ್ರಾನ್‌ಗಳನ್ನು ಕಬಳಿಸುತ್ತದೆ, ವಿದ್ಯುತ್ ಕುಸಿಯುತ್ತದೆ. ಎಷ್ಟು ಕುಸಿಯಿತೋ ಅದೇ ಲೆಕ್ಕ.

ಕಷ್ಟವೆಲ್ಲ ಎಣ್ಣೆಯದು. ಇಂಥ ಕೆಡದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಮಿತಿ ಶೇ. 0.005, ಅಂದರೆ 10 ಲಕ್ಷ ಪಾಲು ಎಣ್ಣೆಯಲ್ಲಿ 50 ಪಾಲು. ಉಳಿದ 9,99,950 ಪಾಲು ಪಕ್ಕಕ್ಕೆ ಸರಿಯದಿದ್ದರೆ ಡಿಟೆಕ್ಟರ್‌ಗೆ ಕಣ್ಣು ಕಟ್ಟಿದಂತೆ. ಅದಕ್ಕೇ ಗಾಢ ಗಂಧಕಾಮ್ಲ ಬೆರೆಸುತ್ತಾರೆ. ಆಮ್ಲ ಬಹಳಷ್ಟು ಕಲ್ಮಶವನ್ನು ಸುಟ್ಟುಹಾಕುತ್ತದೆ, ಪಿಸಿಬಿ ಮಾತ್ರ ಜಗ್ಗುವುದಿಲ್ಲ. ಆಮೇಲೆ ಸಿಲಿಕಾ ತುಂಬಿದ ಕೊಳವೆಯಲ್ಲಿ ಸೋಸುತ್ತಾರೆ. ಕೈಯಲ್ಲಿ ಮಾಡಿದರೆ ಬೇಸರದ, ಅಪಾಯದ ಕೆಲಸ. ಸಂಜೆಯ ನಲವತ್ತನೇ ಸೀಸೆಗೆ ಬೆಳಗಿನ ಮೊದಲ ಸೀಸೆಯ ಗಮನ ಸಿಗುವುದಿಲ್ಲ. ಯಂತ್ರದ ನಿಜವಾದ ಲಾಭ ಇಲ್ಲಿದೆ. ರಾತ್ರಿಯಿಡೀ ಅದೇ ಅಳತೆ, ಅದೇ ವೇಗ.

ಅದಕ್ಕೂ ಒಂದು ಕೆಟ್ಟ ಚಾಳಿ ಉಂಟು. ವಿಷ ತುಂಬಿದ ಸೀಸೆಯ ನಂತರ ಮಾದರಿ ಹೀರುವ ಸೂಜಿಯಲ್ಲಿ ಉಳಿದ ಅಂಶ ಮುಂದಿನ ಸೀಸೆಗೆ ಅಂಟಬಹುದು. ಹಾಗಾಗಿ ನಡುನಡುವೆ ಏನೂ ಇಲ್ಲದ ಸೀಸೆಯನ್ನೂ, ಗೊತ್ತಿರುವಷ್ಟು ಪಿಸಿಬಿ ಬೆರೆಸಿದ ಸೀಸೆಯನ್ನೂ ಓಡಿಸುತ್ತಾರೆ. ವರದಿಯಲ್ಲಿ ಇವುಗಳ ಫಲಿತಾಂಶ ಕೇಳಿ. ಕೊಡಲು ಹಿಂಜರಿದರೆ ಬೇರೆ ಲ್ಯಾಬ್ ನೋಡುವುದು ಒಳ್ಳೆಯದು.

ಇನ್ನು ಸೀಸೆಯ ವಿಷಯ. ಪಿಸಿಬಿ ಎಣ್ಣೆಗಿಂತ ಭಾರ. ತಿಂಗಳುಗಟ್ಟಲೆ ಅಲುಗಾಡದೆ ನಿಂತ ಡ್ರಮ್ಮಿನಲ್ಲಿ ನೀರು, ಕೆಸರು, ಭಾರದ ದ್ರವ ತಳ ಸೇರಿರಬಹುದು. ಮೇಲಿನಿಂದ ಒಂದು ಲೋಟ ತೆಗೆದು ಕಳಿಸಿದರೆ ವರದಿ ಆ ಲೋಟದ್ದೇ ಹೊರತು ಡ್ರಮ್ಮಿನದಲ್ಲ. ಉದ್ದನೆಯ ಕೊಳವೆಯನ್ನು ತಳ ಮುಟ್ಟುವಂತೆ ಇಳಿಸಿ ಮೇಲಿಂದ ಕೆಳಗಿನವರೆಗಿನ ಎಣ್ಣೆ ತೆಗೆಯಬೇಕು.